ಆರಾಧನೆಯಲ್ಲಿ ಇಂದ್ರಿಯಗಳಿಗೆ ಎಡೆ

ಆರಾಧನೆಯೆಂಬುದು ಕಿವಿಯೊಂದಕ್ಕೇ ಸೇರಿದ ಕಾರ್ಯವೆಂಬ ಭಾವನೆಯು ಕೋಲಾರ ಸೀಮೆಯ ಪ್ರಾಟೆಸ್ಟೆಂಟ್ ಕ್ರೈಸ್ತರಲ್ಲಿ ಅನೇಕರಿಗೆ ಇಂದಿಗೂ ಇರುವುದು. ಸತ್ಯವೇದದ ಪಠನ, ಪ್ರಸಂಗ, ಪ್ರಾರ್ಥನೆ, ಕೀರ್ತನೆ ಇಷ್ಟಾದರೆ ಸಾಕು. ದೀಪವನ್ನು ಹಚ್ಚೋಣ, ಧೂಪವನ್ನು ಹಾಕೋಣ ಎಂದವನಿಗೆ ವಿಗ್ರಹಾರಾಧಕನೆಂಬ ಬಿರುದು ಸಿದ್ಧವಾಗಿಯೇ ಇರುತ್ತದೆ. ಈ ಅಭಿಪ್ರಾಯವು ಭಕ್ತಿಯ ವೇಷವನ್ನು ತೊಟ್ಟಿದ್ದರೂ ಶಾಸ್ತ್ರಾಧಾರವಿಲ್ಲದ್ದು.

ವಿಮೋಚನಕಾಂಡದ 30ನೆಯ ಅಧ್ಯಾಯದಲ್ಲಿ ಧೂಪದ್ರವ್ಯಗಳ ಹೆಸರನ್ನೂ ಅವನ್ನು ಬೆರಸುವ ಕ್ರಮವನ್ನೂ ದೇವರೇ ವಿಧಿಸಿರುವನು. ಯೇಸುಸ್ವಾಮಿಯು ಹುಟ್ಟುಕುರುಡನ ಕಣ್ಣಿಗೆ ಉಗುಳಿನಿಂದ ಕಲಸಿದ ಮಣ್ಣನ್ನು ಹಚ್ಚಿದನು. ಸಂಶಯಪಟ್ಟ ತೋಮನನ್ನು ಗಾಯವನ್ನು ಮುಟ್ಟಿ ನೋಡೆಂದು ಕರೆದನು. ತನ್ನ ಸ್ಮರಣೆಗಾಗಿ ತಾನು ಬರೆದ ಗ್ರಂಥವನ್ನಲ್ಲ, ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಬಿಟ್ಟುಹೋದನು. ಕಣ್ಣು, ಮೂಗು, ನಾಲಗೆ, ಚರ್ಮಗಳನ್ನು ದೇವಾಲಯದ ಹೊಸ್ತಿಲಿನಾಚೆ ನಿಲ್ಲಿಸಿದವರು ಪ್ರವಾದಿಗಳೂ ಅಲ್ಲ, ಅಪೊಸ್ತಲರೂ ಅಲ್ಲ. 1524ರಲ್ಲಿ ಜೂರಿಕ್ ನಗರದ ದೇವಾಲಯಗಳಿಂದ ಚಿತ್ರಗಳನ್ನೂ ಪ್ರತಿಮೆಗಳನ್ನೂ ಹೊರಗೆ ಹಾಕಿದವರಿಗೆ ತಮ್ಮ ಕಾಲದ ದುರಾಚಾರಗಳ ಕಾರಣವಿದ್ದಿತು. ಅಲ್ಲಿಯ ರೋಗಕ್ಕೆ ಅರೆದ ಕಷಾಯವನ್ನು ಇಲ್ಲಿಯವರು ಐದು ಶತಮಾನಗಳಾದ ಮೇಲೂ ನಿತ್ಯದ ಆಹಾರವೆಂದು ಕುಡಿಯುತ್ತಿರಬೇಕೆ?

ಮಿಷನರಿಗಳಲ್ಲಿಯೂ ವಿವೇಕಿಗಳಿದ್ದರು. ಬಾಸೆಲ್ ಮಿಷನ್ನಿನ ಕಿಟ್ಟೆಲರು 1862ರಲ್ಲಿ ಕ್ರಿಸ್ತನ ಚರಿತೆಯನ್ನು ‘ಕಥಾಮಾಲೆ’ಯೆಂದು ದೇಶೀಯ ಛಂದಸ್ಸಿನಲ್ಲಿ ರಚಿಸಿದರು. ಕೆಥೋಲಿಕರಂತೂ ಇನ್ನೂ ಮುಂದೆ ಹೋದರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಮಾರ್ಗವನ್ನು ತೆರೆಯಿತು. ನೆಲದ ಮೇಲೆ ಕುಳಿತುಕೊಳ್ಳುವುದು, ಪಂಚಾಂಗ ಪ್ರಣಾಮ, ಎಣ್ಣೆಯ ದೀಪ, ಆರತಿ ಮೊದಲಾದ 12 ವಿಷಯಗಳಿಗೆ 1969ನೆಯ ಏಪ್ರಿಲ್ 25ರಂದು ರೋಮಿನಿಂದ ಅನುಮತಿ ಬಂದಿತು. ಬೆಂಗಳೂರಿನಲ್ಲಿ ಅಮಲೋರ್ಪವದಾಸರು ನಡೆಸಿದ ರಾಷ್ಟ್ರೀಯ ಕೇಂದ್ರವೇ ಇದರ ಪ್ರಚಾರಕ್ಕೆ ನೆಲೆಯಾಯಿತು. ಇದು ಹಿಂದೂಗಳನ್ನು ಮರುಳುಮಾಡುವ ಹೂಟವೆಂದು ಸೀತಾರಾಮ ಗೋಯಲರು 1988ರಲ್ಲಿ ಪುಸ್ತಕವನ್ನೇ ಬರೆದರು. ದೀಪವೂ ಹೂವೂ ಈ ದೇಶದಲ್ಲಿ ಯಾವ ಒಂದು ಮತದ ಸ್ವತ್ತೂ ಅಲ್ಲವಾದುದರಿಂದ ಆ ಆಕ್ಷೇಪಕ್ಕೆ ಹೆಚ್ಚಿನ ಉತ್ತರ ಬೇಕಿಲ್ಲ.

ಉತ್ತರ ಬೇಕಾದ ಆಕ್ಷೇಪವು ದಲಿತ ಕ್ರೈಸ್ತರದು. ಆರತಿಯ ತಟ್ಟೆ, ಸಂಸ್ಕೃತದ ಮಂತ್ರ, ಸಂನ್ಯಾಸಿಯ ಕಾವಿ ಇವು ಯಾರ ಭಾರತದ ಗುರುತುಗಳು? ಯಾವ ಗುಡಿಯ ಬಾಗಿಲು ಅಜ್ಜನಿಗೆ ಮುಚ್ಚಿದ್ದಿತೋ ಆ ಗುಡಿಯ ಸಾಮಗ್ರಿಯನ್ನೇ ಮೊಮ್ಮಗನ ಮುಂದೆ ತಂದಿಟ್ಟು, ಇದೇ ನಿನ್ನ ಸಂಸ್ಕೃತಿಯೆನ್ನುವುದು ಎಂತಹ ನ್ಯಾಯ! ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲರು 1981ರಲ್ಲಿಯೇ ಈ ಬಗೆಯ ವಿಚಾರವನ್ನೆತ್ತಿದರು; ಸತ್ಯನಾಥನ್ ಕ್ಲಾರ್ಕರು 1998ರ ತಮ್ಮ ಗ್ರಂಥದಲ್ಲಿ ತಮಿಳುನಾಡಿನ ಪರೆಯ ವಾದ್ಯದಲ್ಲಿಯೇ ಕ್ರಿಸ್ತನ ಸಂಕೇತವನ್ನು ಕಂಡರು.

ಕೋಲಾರದವರಿಗೆ ಪರೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ತಮಟೆ ಇದೆ. 2007ರವರೆಗೆ ಈ ಜಿಲ್ಲೆಗೇ ಸೇರಿದ್ದ ಚಿಕ್ಕಬಳ್ಳಾಪುರ ಸೀಮೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ದೊರೆಯಿತು. ಸರ್ಕಾರವು ಮನ್ನಿಸಿದ ವಾದ್ಯಕ್ಕೆ ದೇವಾಲಯದೊಳಗೆ ಮರ್ಯಾದೆಯಿಲ್ಲವೆಂದರೆ, ಆ ನಿಷೇಧವು ಸುವಾರ್ತೆಯಿಂದ ಬಂದುದೋ ಜಾತಿಯಿಂದ ಬಂದುದೋ ಎಂಬುದನ್ನು ಸಭೆಯ ಹಿರಿಯರು ವಿಚಾರಿಸಲಿ. ತಮಟೆಯನ್ನು ಬಿಟ್ಟಿ ಚಾಕರಿಯ ಗುರುತೆಂದು ಬೇಕೆಂದೇ ಕೆಳಗಿಟ್ಟ ದಲಿತರೂ ಉಂಟು. ಅವರ ಅಭಿಮಾನವು ಗೌರವಾರ್ಹವಾದುದು. ಆದುದರಿಂದ ಇದನ್ನು ಎತ್ತಿಕೊಳ್ಳುವ ನಿರ್ಣಯವು ಬಾರಿಸುವವರದೇ ಆಗಬೇಕಲ್ಲದೆ ನಗರದ ಪಂಡಿತರದಾಗಬಾರದು.

ಇಂದ್ರಿಯಗಳನ್ನು ಪೂರ್ತಿಯಾಗಿ ಹೊರಗಿಡುವುದು ಯಾರಿಂದಲೂ ಆಗಿಲ್ಲವೆಂಬುದಕ್ಕೆ ಸುಗ್ಗಿಯ ಹಬ್ಬವೇ ಸಾಕ್ಷಿ. ಅಂದು ಧಾನ್ಯವೂ ಕುಂಬಳವೂ ಕೋಳಿಯೂ ಪೀಠದ ಬಳಿಗೆ ಬಂದು, ಆಮೇಲೆ ಹರಾಜಿಗೆ ಹೋಗುವುವು. ಧೂಪವೆಂದರೆ ಮೂಗು ಮುರಿಯುವವರೇ ಹಲಸಿನ ಹಣ್ಣಿನ ವಾಸನೆಗೆ ಪ್ರಸನ್ನರಾಗಿ ಸವಾಲು ಕೂಗುವರು! ಯಲ್ದೂರು ಹೋಬಳಿಯ ತೋಪುಗಳಲ್ಲಿ ಬೆಳೆಯುವ ಮಾವೂ ಹೊಲದ ರಾಗಿಯೂ ಪ್ರಾರ್ಥನೆಗೆ ಸಲ್ಲುವುದಾದರೆ, ಆ ಹೊಲದಲ್ಲಿ ದುಡಿದವನ ವಾದ್ಯವು ಏಕೆ ಸಲ್ಲದು?

ತಮಟೆಯು ಸಾವಿನ ಮನೆಯ ವಾದ್ಯ, ಅದು ಅಮಂಗಳ ಎಂದು ಕೊನೆಗೆ ಹೇಳುವವರಿದ್ದಾರೆ. ಶುಭ ಶುಕ್ರವಾರದಂದು ಮೂರು ಗಂಟೆಗಳ ಕಾಲ ಸಭೆಯವರು ಕೂಡಿ ಕುಳಿತುಕೊಳ್ಳುವುದು ಯಾರ ಮದುವೆಗೆಂಬುದನ್ನು ಅವರು ತಿಳಿಸಲಿ.