ಶರೀಫರ ಪದಕ್ಕೆ ಗಿಟಾರು ಸಲ್ಲದೇ?

೨೦೨೫ರ ಜನವರಿಯಲ್ಲಿ ಮೂರು ಸಂಜೆ ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ಕೋಲ್ಡ್‌ಪ್ಲೇ ತಂಡದ ಕಾರ್ಯಕ್ರಮ ಜರುಗಿತು. ಘಣಸೋಲಿಯ ನಮ್ಮ ಸೊಸಾಯಿಟಿಯ ಕನ್ನಡ ಮನೆಗಳ ಹುಡುಗ ಹುಡುಗಿಯರೂ ಲೋಕಲ್ ಗಾಡಿ ಹಿಡಿದು ಅತ್ತ ಧಾವಿಸಿದರು. ಆ ವರ್ಷವೇ ನಾವು ಏರ್ಪಡಿಸಿದ ಸುಗಮ ಸಂಗೀತದ ಸಂಜೆಗೆ ಬಂದವರಲ್ಲಿ ತಲೆ ನರೆಯದವರನ್ನು ಬೆರಳೆಣಿಸಿ ಹೇಳಬಹುದಿತ್ತು. "ಇಂದಿನ ಮಕ್ಕಳಿಗೆ ಕನ್ನಡದ ಹಾಡು ಬೇಡವಾಗಿದೆ" ಎಂದು ಹಿರಿಯರೆಲ್ಲ ನಿಟ್ಟುಸಿರುಬಿಟ್ಟೆವು. ಆ ಮಾತು ಅರ್ಧಸತ್ಯ. ಉಳಿದರ್ಧಕ್ಕೆ ನಾವೇ, ಅದರಲ್ಲಿಯೂ ನಾನು, ಹೊಣೆ ಎಂದು ಒಪ್ಪಿಕೊಳ್ಳುವುದಕ್ಕಾಗಿ ಈ ಲೇಖನ.

ಕೆಲವು ವರ್ಷಗಳ ಹಿಂದಿನ ಮಾತು. ರಾಜ್ಯೋತ್ಸವದ ಸಿದ್ಧತಾ ಸಭೆಗೆ ನಾಲ್ವರು ತರುಣರು ಬಂದು ಇಪ್ಪತ್ತು ನಿಮಿಷ ಬೇಡಿದರು. ಗಿಟಾರು, ಕೀಬೋರ್ಡು, ಡ್ರಮ್ಮುಗಳೊಂದಿಗೆ ಶಿಶುನಾಳ ಶರೀಫರ ಪದಗಳನ್ನು ಹಾಡಬೇಕೆಂಬುದು ಅವರ ಅಪೇಕ್ಷೆ. "ತತ್ವಪದಕ್ಕೆ ಡ್ರಮ್ಮೇ? ಇದು ಸಂಘದ ವೇದಿಕೆ, ಹೋಟೆಲಲ್ಲ" ಎಂದು ಗಟ್ಟಿಯಾಗಿ ನುಡಿದವನು ನಾನು. ಧಾರವಾಡ ಸೀಮೆಯವನು, ಎಂ.ಎ. ಓದಿದವನು, ಕೇಂದ್ರ ಸರಕಾರದ ಅಧಿಕಾರಿ ಎಂಬ ಕಾರಣಗಳಿಂದ ನನ್ನ ಮಾತೇ ನಡೆಯಿತು. "ಆಗಲಿ ಅಂಕಲ್" ಎಂದು ಹುಡುಗರು ಎದ್ದುಹೋದರು.

ಮರುವರ್ಷ ಅವರು ನಮ್ಮ ಬೀದಿಯ ಗಣೇಶೋತ್ಸವದ ಮಂಟಪದಲ್ಲಿ, ಮರಾಠಿ ನೆರೆಹೊರೆಯವರ ಮುಂದೆ, ಮಾಳಿಗೆ ಸೋರುವ ಪದವನ್ನು ಹಾಡಿದರು. ಹಾಡುವ ಮುನ್ನ ಒಬ್ಬ ಹುಡುಗ ಮರಾಠಿಯಲ್ಲಿ ಅರ್ಥ ವಿವರಿಸಿದ: ಆ ಮನೆಯೆಂದರೆ ನಮ್ಮ ದೇಹ, ಅದನ್ನು ಕೆಡಿಸುತ್ತಿರುವುದು ಮಳೆಯಲ್ಲ, ನಮ್ಮದೇ ಅರಿವುಗೇಡಿತನ. ಪಕ್ಕದಲ್ಲಿ ಕುಳಿತಿದ್ದ ಘಣಸೋಲಿ ಊರಿನ ಆಗರಿ ಹಿರಿಯರೊಬ್ಬರು, "ಇದು ನಮ್ಮ ಏಕನಾಥ ಮಹಾರಾಜರ ಭಾರುಡದಂತೆಯೇ ಇದೆಯಲ್ಲ ಸಾಹೇಬ, ಇಷ್ಟು ದಿನ ನೀವೇಕೆ ಹೇಳಲಿಲ್ಲ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗನ ಕೈಯಲ್ಲಿದ್ದ ಚೀಟಿಯನ್ನು ಆಮೇಲೆ ನೋಡಿದೆ. ಕನ್ನಡದ ಪದವನ್ನು ಆತ ದೇವನಾಗರಿಯಲ್ಲಿ ಬರೆದುಕೊಂಡಿದ್ದ. ಕನ್ನಡ ಓದಲು ಬಾರದವನು ಶರೀಫರನ್ನು ಕಂಠಪಾಠ ಮಾಡಿದ್ದ. ಓದಬಲ್ಲ ನಾನು ಅವನಿಗೆ ಬಾಗಿಲು ಮುಚ್ಚಿದ್ದೆ.

ಅಂದು ನಾನು ಕಾಪಾಡಲು ಹೊರಟಿದ್ದ 'ಮೂಲ' ಯಾವುದು? ಶರೀಫರು (೧೮೧೯–೧೮೮೯) ಕಳಸದ ಗೋವಿಂದ ಭಟ್ಟರ ಶಿಷ್ಯರಾಗಿ ಎರಡು ಮತಗಳ ಮಾತನ್ನು ಒಂದೇ ಪದದಲ್ಲಿ ಬೆಸೆದವರು. ಅವರ ಪದಗಳು ಭಜನಾ ಮೇಳಗಳ ಬಾಯಲ್ಲಿ ಉಳಿದುಬಂದವು. ನನ್ನ ತಲೆಮಾರಿನ ನಗರವಾಸಿಗಳಿಗೆ ಅವು ದಕ್ಕಿದ್ದಾದರೂ ಸಿ. ಅಶ್ವತ್ಥರ ಕಂಠದಿಂದ, ನಾಗಾಭರಣರ 'ಸಂತ ಶಿಶುನಾಳ ಶರೀಫ' (೧೯೯೦) ಚಿತ್ರದಿಂದ. ಆ ಕ್ಯಾಸೆಟ್ಟನ್ನು ಮನೆಗೆ ತಂದಾಗ ನಮ್ಮಜ್ಜ, "ಇದು ಭಜನೆಯಲ್ಲೋ ತಮ್ಮಾ, ಸಿನಿಮಾ" ಎಂದು ಮುಖ ತಿರುಗಿಸಿದ್ದರು. ಅಜ್ಜನಿಗೆ ಕಲಬೆರಕೆಯೆನಿಸಿದ್ದು ನನಗೆ ಪರಂಪರೆಯಾಯಿತು. ಮೊಮ್ಮಗನಾದ ನಾನು ಅಜ್ಜನ ಕುರ್ಚಿಯಲ್ಲಿ ಕುಳಿತು ಅಜ್ಜನ ಮಾತನ್ನೇ ಆಡಿದ್ದೆ!

ಬೆರಕೆಯನ್ನು ಹಳಿಯುವ ಮುಂಬಯಿ ಕನ್ನಡಿಗರು ಇನ್ನೊಂದನ್ನೂ ನೆನೆಯಬೇಕು. ೧೮೮೦ರಲ್ಲಿ 'ಸಂಗೀತ ಶಾಕುಂತಲ'ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಮರಾಠಿ ನಾಟ್ಯಸಂಗೀತಕ್ಕೆ ಅವರು ಕನ್ನಡದ ಧಾಟಿಗಳನ್ನು ಧಾರಾಳವಾಗಿ ತಂದರು. ಗದಗಿನ ಭೀಮಸೇನ ಜೋಶಿಯವರು ದಾಸರ ಪದವನ್ನೂ ತುಕಾರಾಮರ ಅಭಂಗವನ್ನೂ ಒಂದೇ ಕಿರಾಣಾ ಕಂಠದಲ್ಲಿ ಹಾಡಿದರು. ಇವನ್ನೆಲ್ಲ ಹೆಮ್ಮೆಯಿಂದ ಸ್ಮರಿಸುವ ನಾವು ಗಿಟಾರನ್ನು ಕಂಡೊಡನೆ ಬೆಚ್ಚುವುದೇಕೆ?

ಅಮೆರಿಕದಲ್ಲಿಯೂ ಈ ಜಗಳ ನಡೆದಿದೆ. ಕನ್ನಡದ ಕಿವಿಗೆ 'ಸೋಲು' ಎಂದು ಕೇಳಿಸುವ ಸೋಲ್ ಸಂಗೀತವು ಕಪ್ಪು ಜನರ ಚರ್ಚುಗಳ ಭಜನೆಯಿಂದ ಹುಟ್ಟಿತು. ೧೯೫೪ರಲ್ಲಿ ರೇ ಚಾರ್ಲ್ಸ್ ದೇವರ ಹಾಡಿನ ಧಾಟಿಗೆ ಲೌಕಿಕ ಪ್ರೇಮದ ಮಾತನ್ನು ತೊಡಿಸಿದಾಗ ಭಕ್ತರು ಸಿಡಿಮಿಡಿಗೊಂಡರು. ಪಾದ್ರಿಯ ಮಗಳಾದ ಅರೀಥಾ ಫ್ರಾಂಕ್ಲಿನ್ ಲೌಕಿಕ ಗೀತೆಗಳಿಂದ ಕೀರ್ತಿ ಗಳಿಸಿ, ೧೯೭೨ರಲ್ಲಿ ಚರ್ಚೊಂದರಲ್ಲಿಯೇ ಭಕ್ತಿಗೀತೆಗಳನ್ನು ಹಾಡಿ ಧ್ವನಿಮುದ್ರಿಸಿದರು. ಹೊರಗೆ ಹೋದ ಹಾಡು ಮನೆಗೆ ಮರಳಿತು, ಮನೆಯ ಬಾಗಿಲು ತೆರೆದಿದ್ದುದರಿಂದ.

ಹಾಗೆಂದು ಹೊಸದೆಲ್ಲವೂ ಒಳ್ಳೆಯದೆನ್ನಲಾರೆ. ಹುಡುಗರಿಂದ ಪಾಠ ಕಲಿತ ಬಳಿಕ ಹೊಸ ಆಲ್ಬಮ್‌ಗಳನ್ನು ಗಮನವಿಟ್ಟು ಕೇಳಿದ್ದೇನೆ. ರಘು ದೀಕ್ಷಿತರ ೨೦೦೮ರ ಮೊದಲ ಆಲ್ಬಮ್ ಹೊರಬಂದದ್ದು ಮುಂಬಯಿಯ ವಿಶಾಲ್–ಶೇಖರರ ಸಂಸ್ಥೆಯಿಂದ. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರೂ ಅಲ್ಲಿದ್ದಾರೆ. ಮಾಳಿಗೆಯ ಪದದಲ್ಲಿ ವಾದ್ಯಗಳ ಅಬ್ಬರವಿದ್ದರೂ ಮಾತು ಮುಳುಗಿಲ್ಲ. ತೆರೆದ ಕಂಠದ ಆ ಗಾಯನದಲ್ಲಿ ಹಳ್ಳಿಯ ಭಜನೆಯ ಕಸುವಿದೆ. ಆದರೆ ಗುಡುಗುಡಿಯ ಪದ ಮಾತ್ರ ಕುಣಿತಕ್ಕೆ ಒಲಿದು, ಗುಡುಗುಡಿಯ ನೆಪದಲ್ಲಿ ಶರೀಫರು ಹೇಳಿದ ಒಳಮಾತು ಹಿಂದೆ ಸರಿಯಿತೆಂದು ನನ್ನ ಅನಿಸಿಕೆ. ಸ್ವರಕ್ಕೆ ಆತ್ಮವನ್ನು ಬೆಸೆದ ಹೆಸರಿನ 'ಸ್ವರಾತ್ಮ' ತಂಡದ ೨೦೦೯ರ ಆಲ್ಬಮ್‌ನಲ್ಲಿ ಜಾನಪದದ ಜೀವ ಚೆನ್ನಾಗಿದೆ. ಕನ್ನಡದ ಪಾಲು ಇನ್ನಷ್ಟಿರಬೇಕಿತ್ತು ಎಂಬುದೊಂದೇ ಕೊರಗು. ಇನ್ನು ಕೆಲವರು ಪಲ್ಲವಿಯ ಒಂದೇ ಸಾಲನ್ನು ಹತ್ತು ಬಾರಿ ಕೂಗಿ, ಚರಣಗಳನ್ನು ನುಂಗಿ, ಕವಿಯ ಹೆಸರನ್ನೂ ಮರೆಸುತ್ತಾರೆ. ಅದು ಬೆರಕೆಯ ದೋಷವಲ್ಲ, ಸೋಮಾರಿತನದ ದೋಷ. ಹಾರ್ಮೋನಿಯಂ ಹಿಡಿದವರಲ್ಲಿಯೂ ಅದು ಇಲ್ಲದಿಲ್ಲ.

ಆದ್ದರಿಂದ ಅಳತೆಗೋಲು ವಾದ್ಯವಾಗಬಾರದು, ಮಾತಾಗಬೇಕು. ಕನ್ನಡದ ಮಾತು ಕೇಳಿಸುತ್ತಿದೆಯೇ? ಹಾಡುವವನಿಗೆ ಅದರ ಅರ್ಥ ಗೊತ್ತೇ? ಈ ಎರಡಕ್ಕೂ ಹೌದೆಂಬ ಉತ್ತರ ಬಂದರೆ ಡ್ರಮ್ಮು ಇರಲಿ, ದಿಮ್ಮು ಇರಲಿ, ವೇದಿಕೆ ಕೊಡೋಣ.

ಒಳನಾಡಿನಲ್ಲಿ ಒಂದು ಹಾಡು ತಪ್ಪಿದರೆ ಇನ್ನೊಂದು ಕಿವಿಗೆ ಬೀಳುತ್ತದೆ, ಬೀದಿಯೇ ಕನ್ನಡ ಕಲಿಸುತ್ತದೆ. ಹೊರನಾಡಿನ ನಮ್ಮ ಮಕ್ಕಳಿಗೆ ಅಂಥ ಬೀದಿಯಿಲ್ಲ. ಅವರ ಪಾಲಿಗೆ ಕನ್ನಡ ಅಡುಗೆಮನೆಯ ಮಾತಾಗಿ ಉಳಿದಿದೆ, ಇಲ್ಲವೇ ಹಾಡಾಗಿ ಉಳಿದಿದೆ. ಅಡುಗೆಮನೆಯದು ನಮ್ಮ ಕಾಲಕ್ಕೇ ಮುಗಿಯಬಹುದು.

ಬರುವ ರಾಜ್ಯೋತ್ಸವದಲ್ಲಿ ಇಪ್ಪತ್ತು ನಿಮಿಷವನ್ನು ತರುಣರಿಗೆ ಮೀಸಲಿಡಬೇಕೆಂದು ಸಮಿತಿಗೆ ಪತ್ರ ಬರೆದಿದ್ದೇನೆ. ಹಾಡಿನ ಪಠ್ಯವನ್ನು ಕನ್ನಡ ಲಿಪಿಯಲ್ಲಿ, ಕೆಳಗೆ ದೇವನಾಗರಿಯಲ್ಲಿ ಅಚ್ಚುಹಾಕಿ ಹಂಚುವ ವೆಚ್ಚ ನನ್ನದು. ಆ ನಾಲ್ವರಲ್ಲಿ ಇಬ್ಬರು ನೌಕರಿಗಾಗಿ ಪರದೇಶಕ್ಕೆ ಹೋಗಿಬಿಟ್ಟಿದ್ದಾರೆ. ಉಳಿದಿಬ್ಬರ ಮನೆಗೆ ನಾನೇ ಹೋಗಿ ಕರೆಯಬೇಕಾಗಿದೆ. ಅವರು ಒಪ್ಪುವರೋ ಇಲ್ಲವೋ, ಕರೆಯುವ ಋಣವಂತೂ ನನ್ನ ಮೇಲಿದೆ.