ತೆಪ್ಪ ಒಂದೇ, ಪಂಕ್ತಿ ಬೇರೆ

ಆಳುವವರ ಕುತ್ತಿಗೆಗೆ ಬಂದಾಗ ದುಡಿಯುವವರು ಇದ್ದಕ್ಕಿದ್ದಂತೆ ಅಣ್ಣತಮ್ಮಂದಿರಾಗಿಬಿಡುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ತೆಗೆದ ಸಿನಿಮಾಗಳು ಈ ಮಾತಿಗೆ ಹಿಡಿದ ಕನ್ನಡಿ. ನಾವೆಲ್ಲ ಒಂದೇ ಜನ ಎಂಬುದೇ ಆ ಚಿತ್ರಗಳ ಪಲ್ಲವಿ. ಹಾಡಿಸಿದವರು ಯಾರು, ಹಾಡಿದವರಿಗೆ ದಕ್ಕಿದ್ದೇನು ಎಂದು ಕೇಳುವುದು ದುಡಿದು ಉಣ್ಣುವವರ ಹಕ್ಕು.

ವಾಲ್ಟರ್ ಗ್ರೀನ್‌ವುಡ್ 1933ರಲ್ಲಿ 'ಲವ್ ಆನ್ ದಿ ಡೋಲ್' ಎಂಬ ಕಾದಂಬರಿ ಬರೆದ. ಕೆಲಸವಿಲ್ಲದ ಕಾರ್ಮಿಕ ಕುಟುಂಬದ ಬಾಳು ಅದರ ವಸ್ತು. 1936ರಲ್ಲಿ ಅದನ್ನು ಸಿನಿಮಾ ಮಾಡಹೊರಟಾಗ ಸೆನ್ಸಾರ್ ಮಂಡಳಿ ಕೂಡದೆಂದಿತು. ಬಡವನ ಹಸಿವು ತೆರೆಯ ಮೇಲೆ ಕಾಣಬಾರದು! 1941ರಲ್ಲಿ ಅದೇ ಕಥೆ ಚಿತ್ರವಾಗಿ ಹೊರಬಂತು. ಐದು ವರ್ಷದಲ್ಲಿ ಬದಲಾದದ್ದೇನು? ಹಸಿವು ಅದೇ, ಕಥೆಯೂ ಅದೇ. ನಡುವೆ ಹಿಟ್ಲರನ ಬಾಂಬು ಬಿದ್ದಿತ್ತು. ಬಂದೂಕು ಹಿಡಿಯಲು, ಯಂತ್ರ ತಿರುಗಿಸಲು ಆ ಬಡವನೇ ಬೇಕಾಗಿದ್ದ.

1942ರ 'ಇನ್ ವಿಚ್ ವಿ ಸರ್ವ್' ನೋಡಿ. ಕ್ರೀಟ್ ದ್ವೀಪದ ಬಳಿ 1941ರಲ್ಲಿ ಮುಳುಗಿದ ಮೌಂಟ್‌ಬ್ಯಾಟನ್ ಸಾಹೇಬರ ಹಡಗೇ ಈ ಕಥೆಗೆ ಮೂಲ. 1947ರಲ್ಲಿ ನಮ್ಮಲ್ಲಿಗೆ ಕೊನೆಯ ವೈಸರಾಯ್ ಆಗಿ ಬಂದವರು ಅವರೇ. ಕಪ್ತಾನನ ಮನೆ, ಕಿರಿಯ ಅಧಿಕಾರಿಯ ಮನೆ, ಸಾಮಾನ್ಯ ನಾವಿಕನ ಮನೆ ಎಂದು ಚಿತ್ರ ಮೂರು ಮನೆಗಳನ್ನು ತೋರಿಸುತ್ತದೆ. ಹಡಗು ಮುಳುಗಿದಾಗ ಎಲ್ಲರೂ ಒಂದೇ ತೆಪ್ಪ ಹಿಡಿದು ತೇಲುತ್ತಾರೆ. ಆದರೆ ಕಪ್ತಾನ ಕಪ್ತಾನನೇ, ನಾವಿಕ ನಾವಿಕನೇ. ಸಾಯುವಾಗ ಸಮಾನತೆ, ಉಣ್ಣುವಾಗ ಪಂಕ್ತಿಭೇದ!

ಇಷ್ಟರಲ್ಲೂ ನಿಜ ನುಡಿದ ಚಿತ್ರಗಳಿದ್ದವು. 1943ರ 'ಮಿಲಿಯನ್ಸ್ ಲೈಕ್ ಅಸ್' ವಿಮಾನದ ಕಾರ್ಖಾನೆಗೆ ಸೇರಿದ ಹೆಣ್ಣುಮಕ್ಕಳ ಕಥೆ. ಅಲ್ಲಿಯ ಫೋರ್ಮನ್ ಚಾರ್ಲಿ ಸಿರಿವಂತರ ಮಗಳೊಬ್ಬಳಿಗೆ ಮನಸೋಲುತ್ತಾನೆ. ಆದರೂ ಈಗಲೇ ಮದುವೆ ಬೇಡವೆನ್ನುತ್ತಾನೆ. ಯುದ್ಧ ಮುಗಿದ ಮೇಲೂ ಹೀಗೇ ಇರುತ್ತೇವೋ, ಹಳೆಯ ಜಾಡಿಗೇ ಬೀಳುತ್ತೇವೋ ಎಂಬುದೇ ಅವನ ಅನುಮಾನ. ಇಡೀ ಸರಕಾರದ ಪ್ರಚಾರಕ್ಕಿಂತ ಈ ಫೋರ್ಮನ್ನನ ಅನುಮಾನ ಹೆಚ್ಚು ತೂಗುತ್ತದೆ.

ಅನುಮಾನಕ್ಕೆ ಆಧಾರವಿತ್ತು. 1940ರಿಂದಲೇ ಮುಷ್ಕರ ಕಾನೂನುಬಾಹಿರವಾಗಿತ್ತು. ಕೆಂಟ್ ಪ್ರಾಂತದ ಬೆಟೆಶ್ಯಾಂಗರ್ ಗಣಿಯಲ್ಲಿ 1942ರ ಜನವರಿಯಲ್ಲಿ ಕೂಲಿಗಾಗಿ ಮುಷ್ಕರ ಹೂಡಿದ ಸಾವಿರಕ್ಕೂ ಹೆಚ್ಚು ಕಾರ್ಮಿಕರಿಗೆ ಶಿಕ್ಷೆಯಾಯಿತು, ಮೂವರು ಮುಖಂಡರು ಜೈಲಿಗೆ ಹೋದರು. ಗಣಿಯವರು ಜಗ್ಗಲಿಲ್ಲ, ಕಲ್ಲಿದ್ದಲಿಲ್ಲದೆ ಯುದ್ಧ ನಡೆಯದಲ್ಲ, ಸರಕಾರವೇ ಮುಖಂಡರನ್ನು ಬಿಟ್ಟುಕೊಟ್ಟಿತು. 1943ರಲ್ಲಿ ಗ್ಲಾಸ್ಗೋ ಬಳಿಯ ಹಿಲ್ಲಿಂಗ್ಟನ್ ಕಾರ್ಖಾನೆಯ ಹೆಂಗಸರು ಗಂಡಸರ ಸಮ ಕೂಲಿ ಕೇಳಿ ಬೀದಿಗಿಳಿದರು. ತೆರೆಯ ಮೇಲೆ ಅವರು ದೇಶದ ಬೆನ್ನೆಲುಬು. ಪಗಾರದ ದಿನ ಅರೆಕೂಲಿಯವರು!

ಇನ್ನು ಸಮುದ್ರದಾಚೆಯ ಮಾತು. ಆ ಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೈನ್ಯದಲ್ಲಿದ್ದರು. 1943ರಲ್ಲೇ ಬಂಗಾಳದ ಬರಗಾಲದಲ್ಲಿ ಸುಮಾರು 30 ಲಕ್ಷ ಜನ ಸತ್ತರೆಂದು ಅಂದಾಜು. ಈ ಚಿತ್ರಗಳ 'ನಾವು' ಎಂಬುದರಲ್ಲಿ ಇವರಿಗೆ ಎಡೆಯಿಲ್ಲ. ರಕ್ತ ಕೊಡುವಾಗ ಸಾಮ್ರಾಜ್ಯದವರು, ಅನ್ನ ಹಂಚುವಾಗ ಹೊರಗಿನವರು.

ಹಾಗೆಂದು ಆ ಜನರ ಒಗ್ಗಟ್ಟು ಸುಳ್ಳೆನ್ನುವುದು ತಪ್ಪು. ಹಂಫ್ರಿ ಜೆನ್ನಿಂಗ್ಸ್ 1943ರ 'ಫೈರ್ಸ್ ವರ್ ಸ್ಟಾರ್ಟೆಡ್' ಚಿತ್ರದಲ್ಲಿ ನಿಜವಾದ ಅಗ್ನಿಶಾಮಕ ದಳದವರಿಂದಲೇ ಪಾತ್ರ ಮಾಡಿಸಿದ. ಉರಿಯುವ ಗೋದಾಮಿನ ಮೇಲೆ ನಿಂತವರ ಒಗ್ಗಟ್ಟು ಅಪ್ಪಟ ಚಿನ್ನ. ತಕರಾರು ಚಿನ್ನದ ಬಗ್ಗೆ ಅಲ್ಲ, ಅದನ್ನು ಒತ್ತೆಯಿಟ್ಟುಕೊಂಡ ಸಾಹುಕಾರರ ಬಗ್ಗೆ.

ಬ್ರಿಟನ್ನಿನ ಕಾರ್ಮಿಕ ಆ ಒತ್ತೆಯನ್ನು ಮರೆಯಲಿಲ್ಲ. 1945ರ ಚುನಾವಣೆಯಲ್ಲಿ, ಯುದ್ಧ ಗೆದ್ದ ಚರ್ಚಿಲ್ಲನನ್ನೇ ಕೆಳಗಿಳಿಸಿ ಲೇಬರ್ ಪಕ್ಷವನ್ನು ಗದ್ದುಗೆಗೇರಿಸಿದ. 1947ರಲ್ಲಿ ಕಲ್ಲಿದ್ದಲ ಗಣಿಗಳು ರಾಷ್ಟ್ರದ ಸ್ವತ್ತಾದವು, 1948ರಲ್ಲಿ ಎಲ್ಲರಿಗೂ ಉಚಿತ ವೈದ್ಯ ಸೇವೆ ಬಂತು. ಸಿನಿಮಾ ಕೊಟ್ಟ ಮಾತನ್ನು ಮತಪೆಟ್ಟಿಗೆ ವಸೂಲು ಮಾಡಿತು.

ಗಿರಣಿಯ ಬಂಧುಗಳೇ, ಅಂಗಡಿಯ ಅಣ್ಣಂದಿರೇ! ದೇಶವೆಲ್ಲ ಒಂದು ಎಂದು ಯಾರಾದರೂ ಬಂದು ಹೇಳಿದರೆ ಸಂತೋಷದಿಂದ ಒಪ್ಪಿಕೊಳ್ಳಿ. ಒಪ್ಪಿಕೊಂಡು ಒಂದೇ ಪ್ರಶ್ನೆ ಕೇಳಿ: ಸ್ವಾಮಿ, ಈ ಒಗ್ಗಟ್ಟು ದುಡಿಮೆಗೆ ಮಾತ್ರವೋ, ಊಟದ ಪಂಕ್ತಿಗೂ ಉಂಟೋ?