ಸಂದೇಹ ಬಂದಾಗ ದೃಷ್ಟಿ ಎತ್ತ ಇರಬೇಕು?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಿಂದ ಓದು, ಉದ್ಯೋಗಗಳಿಗಾಗಿ ದೂರ ಹೋಗಿರುವ ನನ್ನ ಕ್ರೈಸ್ತ ಶಿಷ್ಯರು ಆಗಾಗ ಎರಡು ಸಂಕಟಗಳನ್ನು ತೋಡಿಕೊಳ್ಳುತ್ತಾರೆ. ಊರಿನಲ್ಲಿ ‘ನಿಮ್ಮದು ಪರದೇಶದ ಧರ್ಮ’ ಎಂಬ ಮಾತು. ನಗರದಲ್ಲಿ ‘ನಂಬಿದರೆ ರೋಗ ಹೋಗುತ್ತದೆ, ಹಣ ಬರುತ್ತದೆ’ ಎಂಬ ಬೋಧನೆ. ರೋಗ ಹೋಗದಿದ್ದಾಗ ನಂಬಿಕೆಯೇ ಸಡಿಲವಾಗುತ್ತದೆ.

ಮೊದಲನೆಯ ಮಾತಿಗೆ ರೆವರೆಂಡ್ ಚನ್ನಪ್ಪ ಉತ್ತಂಗಿಯವರ (1881–1962) ಬದುಕೇ ಉತ್ತರ. ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿದ್ದ ಅವರು, ಜನರ ಬಾಯಲ್ಲಿಯೂ ಹಸ್ತಪ್ರತಿಗಳಲ್ಲಿಯೂ ಚದುರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಆ ಸರ್ವಜ್ಞ ನಮ್ಮ ಹಿರೇಕೆರೂರು ತಾಲೂಕಿನ ಅಬಲೂರಿನವನೆಂದೇ ಜನರ ನಂಬಿಕೆ. ಮುಂದೆ ಅವರು ಶಿವಶರಣರ ವಚನಗಳನ್ನೂ ಆಳವಾಗಿ ಅಭ್ಯಸಿಸಿದರು. 1949ರಲ್ಲಿ ಕನ್ನಡ ನಾಡು ಅವರನ್ನು ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಮನ್ನಿಸಿತು. ಅವರು ಕ್ರಿಸ್ತನನ್ನೂ ಬಿಡಲಿಲ್ಲ, ಕನ್ನಡವನ್ನೂ ಬಿಡಲಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದು ನಿಮ್ಮನ್ನು ಯಾರಾದರೂ ಒತ್ತಾಯಿಸಿದರೆ ಅವರನ್ನು ನೆನೆಯಿರಿ.

ಎರಡನೆಯ ಸಂಕಟಕ್ಕೆ ಸುವಾರ್ತೆಯನ್ನೇ ತೆರೆದು ನೋಡಬೇಕು. ಗೆತ್ಸೇಮನೆಯ ತೋಟದಲ್ಲಿ ಯೇಸುಸ್ವಾಮಿಯೇ ಸಂಕಟದ ಪಾತ್ರೆ ತನ್ನಿಂದ ದೂರವಾಗಲೆಂದು ಬೇಡಿಕೊಂಡನು, ಅದು ದೂರವಾಗಲಿಲ್ಲ. ಪೌಲನು ತನ್ನ ಶರೀರದ ಮುಳ್ಳಿಗಾಗಿ ಮೂರು ಸಲ ಪ್ರಾರ್ಥಿಸಿದನು; ಮುಳ್ಳು ಹೋಗಲಿಲ್ಲ, ಅದನ್ನು ಸಹಿಸುವ ಕೃಪೆ ದೊರೆಯಿತು. ಹೀಗಿರುವಾಗ, ಕೇಳಿದ್ದು ಸಿಗದಿದ್ದರೆ ನಿಮ್ಮ ನಂಬಿಕೆಯಲ್ಲಿ ಕೊರತೆಯಿದೆ ಎನ್ನುವವರ ಬೋಧನೆ ನನಗೆ ಒಪ್ಪಿಗೆಯಿಲ್ಲ. ನಾವು ನಂಬಿದ್ದು ಫಲವನ್ನಲ್ಲ, ಕೊಡುವಾತನನ್ನು. ನೀರಿನ ಮೇಲೆ ನಡೆದ ಪೇತ್ರನು ಗಾಳಿಯನ್ನು ನೋಡಿ ಅಂಜಿದಾಗ ಮುಳುಗತೊಡಗಿದನಷ್ಟೆ.

ಸಂದೇಹ ಪಾಪವಲ್ಲ. ಮಾರ್ಕನ ಸುವಾರ್ತೆಯಲ್ಲಿ ಮಗನ ರೋಗಕ್ಕೆ ನೊಂದ ತಂದೆಯೊಬ್ಬನು ತನ್ನ ನಂಬಿಕೆಯನ್ನೂ ಅಪನಂಬಿಕೆಯನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಳ್ಳುತ್ತಾನೆ. ಯೇಸು ಅವನನ್ನು ಹಿಂದೆ ಕಳುಹಿಸಲಿಲ್ಲ. ಆದ್ದರಿಂದ ಹಿರಿಯರಲ್ಲಿ ನನ್ನ ವಿನಂತಿ: ಪ್ರಶ್ನೆ ಕೇಳಿದ ಮಕ್ಕಳನ್ನು ಅವಿಶ್ವಾಸಿಗಳೆಂದು ಗದರಿಸಬೇಡಿ. ಗದರಿಸಿದರೆ ಪ್ರಶ್ನೆ ಹೋಗುವುದಿಲ್ಲ, ಮಕ್ಕಳು ಹೋಗುತ್ತಾರೆ.

ಕಿರಿಯರೇ, ನಿಮಗೂ ಒಂದು ಮಾತು. ಸಂದೇಹವನ್ನು ಒಂಟಿಯಾಗಿ ಹೊತ್ತು ತಿರುಗಬೇಡಿ. ಸಭೆಯ ಸಹವಾಸ ಬಿಡಬೇಡಿ. ದಿನಕ್ಕೊಂದು ಅಧ್ಯಾಯದಂತೆ ಮಾರ್ಕನ ಸುವಾರ್ತೆಯನ್ನು ಓದಿರಿ; ಹದಿನಾರೇ ದಿನಗಳಲ್ಲಿ ಮುಗಿಯುತ್ತದೆ. ನೆರೆಯಲ್ಲಿ ಹಸಿದವರಿದ್ದರೆ, ನಿಮ್ಮ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಅವರಿಗೆ ಅನ್ನ ಕೊಡಿರಿ.